ಬೊಂಬಾಯಿಯಲ್ಲೇ ಉಳಿದ ಒಣಮೀನಿನ ಕಟ್ಟು

ಇದನ್ನು ಬರೆಯಬೇಕು ಅಂದುಕೊಂಡು ನಾಲ್ಕು ವಾರ ಆಯಿತು. ಒಂದು ವಾರ ಈ ಅಂಕಣದಲ್ಲಿ ಚಳಿಯ ಬಗ್ಗೆ ಬರೆದೆ. ಇನ್ನೊಂದು ವಾರ ಮೆಟ್ರೋದಲ್ಲಿ ಸೀಟು ಬಿಟ್ಟುಕೊಡುವವರ ಬಗ್ಗೆ. ಕಳೆದ ವಾರ ನನ್ನ ಮಂಡಿನೋವಿನ ಬಗ್ಗೆ! (ಫೋನ್ ಮಾಡಿ ಎಣ್ಣೆಯ ಹೆಸರು ಹೇಳಿದವರಿಗೆಲ್ಲ ಥ್ಯಾಂಕ್ಸ್.) ತಪ್ಪಿಸಿಕೊಳ್ಳಬೇಕೆಂದು ಹೊರಟವನಿಗೆ ವಿಷಯಗಳಿಗೆ ಬರವೇ?

ಇನ್ನು ಸಾಕು. ಹೇಳಿಬಿಡುತ್ತೇನೆ.

ನಾನೀಗ ಕತಾರಿನ ಅಲ್ ವಕ್ರಾದಲ್ಲಿ ಮಗಳ ಮನೆಯಲ್ಲಿರುವುದು ನಿಮಗೆ ಗೊತ್ತೇ ಇದೆ. ನಾಲ್ಕು ವಾರದ ಹಿಂದೆ ಒಂದು ಶುಕ್ರವಾರ ಮಧ್ಯಾಹ್ನ ಊಟ ಮುಗಿದದ್ದೇ ಮಗಳು ಕಾರಿನ ಕೀ ಎತ್ತಿಕೊಂಡಳು. "ಪಪ್ಪಾ, ಹಳೇ ಕಾಲದ ದೋಣಿಗಳಲ್ಲಿ ತೇಲುವ ಸಂತೆ ಹಾಕಿದ್ದಾರಂತೆ. ಹೋಗುವ."

"ಮೂವತ್ತು ವರ್ಷ ಹಡಗಿನ ಕಾಗದ ಟೈಪ್ ಮಾಡಿದವನಿಗೆ ದೋಣಿ ತೋರಿಸ್ತೀಯಾ?"

"ಟೈಪ್ ಮಾಡಿದ್ದು ಪಪ್ಪಾ, ನೋಡಿದ್ದಲ್ಲ. ಯಲ್ಲಾ, ನಡೀರಿ, ಶೂ ಹಾಕಿ."

ಅವಳು ಹೇಳಿದ್ದು ಸರಿ. ಇಷ್ಟು ವರ್ಷ ಇದ್ದ ದೇಶದಲ್ಲಿ ನಾನು ಮೊದಲ ಸಲ ಟೂರಿಸ್ಟ್ ಆಗಿ ಹೊರಟೆ.

ಮರದ ದೋಣಿಗಳನ್ನು ಒಂದರ ಪಕ್ಕ ಒಂದು ಕಟ್ಟಿದ್ದರು. ಒಂದರಿಂದ ಇನ್ನೊಂದಕ್ಕೆ ಹಲಗೆ. ಒಂದರಲ್ಲಿ ಖರ್ಜೂರ, ಒಂದರಲ್ಲಿ ಮಸಾಲೆ, ಮತ್ತೊಂದರಲ್ಲಿ ಐಸ್ ಮೇಲೆ ಮೀನು. ಕಾಲಿಟ್ಟಲ್ಲೆಲ್ಲ ನೆಲ ಅಲುಗುತ್ತದೆ. ಮಗಳು ಫೋಟೋ ತೆಗೆಯುತ್ತಾ ಹಿಂದೆ ಉಳಿದಳು. ಮೊಮ್ಮಗಳು ರಿಯಾ ಮಾತ್ರ ಹಲಗೆಯಿಂದ ಹಲಗೆಗೆ ಹಾರುತ್ತಾ ನನ್ನನ್ನು ಎಳೆದುಕೊಂಡು ಹೋದಳು.

ಕೊನೆಯ ದೋಣಿಯಲ್ಲಿ ಒಬ್ಬ ಮುದುಕ ತಂತಿಯಿಂದ ಮೀನು ಹಿಡಿಯುವ ಬುಟ್ಟಿ ಹೆಣೆಯುತ್ತಿದ್ದ. ಗುಮ್ಮಟದ ಹಾಗಿರುವ, ಮೀನು ಒಳಗೆ ಹೋದರೆ ಹೊರಗೆ ಬರಲಾಗದ ಬುಟ್ಟಿ. ಸುತ್ತ ಏಳೆಂಟು ಮಂದಿ. ರಿಯಾ ಹೋಗಿ ಅವನ ಎದುರೇ ಕುಳಿತಳು. ಅವನು ಅವಳ ಕೈಗೊಂದು ತಂತಿ ಕೊಟ್ಟು ಹಿಂದಿಯಲ್ಲಿ ಊರು ಕೇಳಿದ.

"ವಕ್ರಾ."

"ಅದಲ್ಲ ಮಗಾ. ಅಜ್ಜನ ಊರು?"

"ಉಡುಪಿ."

ಅವನು ತಲೆ ಎತ್ತಿದ. ಮೊದಲು ಅವಳನ್ನು, ಆಮೇಲೆ ನನ್ನನ್ನು ನೋಡಿದ.

"ಓಯ್, ಪೊರ್ಬುಗಳೇ! ಇನ್ನೂ ಉಂಟಾ ನೀವು ಭೂಮಿ ಮೇಲೆ?"

(ನಮ್ಮ ಕಡೆಯ ತುಳುವರು ಕ್ರಿಶ್ಚಿಯನ್ನರನ್ನು ಕರೆಯುವುದೇ ಹಾಗೆ.) ದನಿಯಿಂದಲೇ ಅವನ ಗುರುತು ಸಿಕ್ಕಿತು. ಅವನು ಇಲ್ಲೇ ಇದ್ದಾನೆಂದು ನನಗೆ ಗೊತ್ತೇ ಇರಲಿಲ್ಲ. ನಿಜ ಹೇಳಬೇಕೆಂದರೆ, ತಿಳಿದುಕೊಳ್ಳಲು ಹೋಗಿರಲಿಲ್ಲ.

ಮಲ್ಪೆಯವನು. ದೋಹಾದಲ್ಲಿ ಒಂದೇ ರೂಮಿನಲ್ಲಿ ಆರು ಮಂದಿ ಇದ್ದ ಕಾಲದಲ್ಲಿ ಅವನ ಮಂಚ ಕೆಳಗೆ, ನನ್ನದು ಮೇಲೆ. ಅವನು ಮೀನಿನ ಲಾಂಚಿಗೆ ಹೋಗುತ್ತಿದ್ದ. ನಾನು ಎಸ್ಸೆಸ್ಸೆಲ್ಸಿ ಪಾಸಾದ ಕ್ಲಾರ್ಕ್, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಊರಿಗೆ ಹೋಗುವವರು ರೂಮಿನವರ ಮನೆಗಳಿಗೆಲ್ಲ ಕಟ್ಟು ಒಯ್ಯಬೇಕು, ಬರುವಾಗ ಅವರ ಮನೆಯವರು ಕೊಟ್ಟ ಕಟ್ಟು ತರಬೇಕು. ಗಲ್ಫಿನಲ್ಲಿದ್ದವರಿಗೆ ಈ ನಿಯಮ ಬಿಡಿಸಿ ಹೇಳಬೇಕಿಲ್ಲ.

ಆ ಸಲ ರಜೆ ಮುಗಿಸಿ ಹೊರಟಾಗ ಅವನ ತಾಯಿ ಬಸ್‌ಸ್ಟ್ಯಾಂಡಿಗೇ ಬಂದರು. ಒಣಸಿಗಡಿ, ಒಣ ಬಂಗುಡೆ. ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಬಿಳಿ ಬಟ್ಟೆ ಇಟ್ಟು ಸೂಜಿಯಲ್ಲಿ ಹೊಲಿದ ಕಟ್ಟು. "ಅವನ ಕೈಗೇ ಕೊಡಿ ಪೊರ್ಬುಗಳೇ" ಎಂದರು.

ಬೊಂಬಾಯಿ ಏರ್‌ಪೋರ್ಟಿನಲ್ಲಿ ನನ್ನ ಸೂಟ್‌ಕೇಸ್ ತೂಕ ಮೀರಿತು. ಏನಾದರೂ ತೆಗೆಯಿರಿ ಎಂದರು. ಮುಚ್ಚಳ ತೆರೆದೆ. ವಾಸನೆ ಹೊರಗೆ ಬಂತು. ಹಿಂದೆ ನಿಂತಿದ್ದ ಹೆಂಗಸೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಸೂಟ್‌ಕೇಸಿನಲ್ಲಿ ನನ್ನ ಮ್ಯಾನೇಜರ್‌ಗೆಂದು ಒಯ್ಯುತ್ತಿದ್ದ ಹಲ್ವದ ದೊಡ್ಡ ಡಬ್ಬಿಯೂ ಇತ್ತು. ಯಾವುದನ್ನು ತೆಗೆದೆ ಎಂದು ಹೇಳಬೇಕೇ? ಬಟ್ಟೆಯ ಕಟ್ಟನ್ನು ಅಲ್ಲೇ ಇದ್ದ ಕಸದ ಬುಟ್ಟಿಗೆ ಹಾಕಿದೆ. ಹಲ್ವ ವಿಮಾನ ಹತ್ತಿತು.

ರೂಮಿಗೆ ಬಂದು ಅವನಿಗೆ ಹೇಳಿದೆ: "ಕಸ್ಟಮ್ಸ್‌ನವರು ಹಿಡಿದರು ಮಾರಾಯ."

"ಅಷ್ಟೇ ಅಲ್ವಾ, ತಿಂದು ಸಾಯಲಿ" ಎಂದು ನಕ್ಕುಬಿಟ್ಟ.

ಎರಡು ತಿಂಗಳ ನಂತರ ತಾಯಿಯ ಕಾಗದ ಬಂತು. ಅದನ್ನು ಹಿಡಿದುಕೊಂಡು ನನ್ನ ಮಂಚದ ಬಳಿ ನಿಂತ. "ಆ ಕಟ್ಟಿನ ಒಳಗೆ ಫೋಟೋ ಇತ್ತಂತೆ. ಜೊತೆಗೆ ಒಂದು ಕಾಗದ. ನೀವು ನೋಡಿದ್ರಾ?"

ಅವನ ನೆರೆಮನೆಯ ಹುಡುಗಿಯ ಫೋಟೋ. ಅವನೇ ತಾಯಿಯ ಮೂಲಕ ಕೇಳಿಸಿದ್ದ ಸಂಬಂಧ ಅದು. ಹುಡುಗಿಯ ಮನೆಯವರು ಒಪ್ಪಿದ್ದರು. ಇವನು ಹೂಂ ಎಂದು ಒಂದು ಗೆರೆ ಬರೆದರೆ ಮುಗಿಯುತ್ತಿತ್ತು. ಅವರು ಕಾದರು, ಕಾದರು. ಗಲ್ಫಿಗೆ ಹೋದವನ ಮನಸ್ಸು ಬದಲಾಗಿದೆ ಎಂದುಕೊಂಡು, ಈ ಕಾಗದ ಬರುವಷ್ಟರಲ್ಲಿ ಬೇರೆ ಕಡೆ ಕೊಟ್ಟಿದ್ದರು.

ಆಗಲಾದರೂ ಹೇಳಬಹುದಿತ್ತು. ನಾನೇನು ಹೇಳಿದೆ? "ಕಸ್ಟಮ್ಸ್‌ನವರು ಬಿಚ್ಚಲೂ ಬಿಡಲಿಲ್ಲ."

ಈಗ ದೋಣಿಯಲ್ಲಿ ಅವನು ನನ್ನ ಕೈ ಹಿಡಿದು ಪಕ್ಕದ ಮಲಯಾಳಿಗೆ ಪರಿಚಯ ಮಾಡಿಸುತ್ತಿದ್ದ. "ಇವ್ರು ನಮ್ಮ ಪೊರ್ಬುಗಳು. ನನಗೆ ಒಣಮೀನು ಹೊತ್ತುಕೊಂಡು ಬಂದ ಪುಣ್ಯಾತ್ಮ. ಕಸ್ಟಮ್ಸ್‌ನವ ಹಿಡ್ಕೊಂಡ. ಮೀನು ಹೋಗ್ಲಿ, ನಾನು ಮದುವೆ ಆಗ್ಬೇಕಿದ್ದ ಹುಡುಗಿಯ ಫೋಟೋ ಸಹಾ ಹೋಯ್ತು! ಅವ ಈಗ್ಲೂ ಪರ್ಸಿನಲ್ಲಿ ಇಟ್ಕೊಂಡು ತಿರುಗ್ತಿದ್ದಾನೋ ಏನೋ!"

ಎಲ್ಲರೂ ನಕ್ಕರು. ರಿಯಾ ನಕ್ಕಳು.

ನಾನೂ ನಕ್ಕೆ.

"ಆಮೇಲೆ... ಮದುವೆ?" ಕೇಳಿದೆ.

"ಎಂತ ಮದುವೆ? ತಂಗಿಯಂದಿರದ್ದು ಆಯ್ತು. ಮತ್ತೆ ನನ್ನದು ಖಲಾಸ್." ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿದ. "ಕೂತ್ಕೊಳ್ಳಿ, ಚಾ ತರಿಸ್ತೇನೆ."

ಕೂರಲಿಲ್ಲ. ಮಗಳು ಕಾಯುತ್ತಿದ್ದಾಳೆ ಎಂದೆ. (ಅವಳು ಮಸಾಲೆ ದೋಣಿಯಲ್ಲಿ ಆರಾಮವಾಗಿ ಏಲಕ್ಕಿ ಮೂಸುತ್ತಿದ್ದಳು.) ರಿಯಾಳ ಕೈಯಿಂದ ತಂತಿ ಬಿಡಿಸಿ ಎಳೆದುಕೊಂಡು ಬಂದೆ. ಹಿಂದಿನಿಂದ ಅವನ ದನಿ: "ನಿಮ್ಮ ಬರಹ ಪ್ರತಿ ವಾರ ಮೊಬೈಲ್‌ನಲ್ಲಿ ಬರ್ತದೆ ಪೊರ್ಬುಗಳೇ. ಒಂದೂ ಬಿಡೂದಿಲ್ಲ ನಾನು!"

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಲ ಆ ಕಡೆಗೆ ನಡೆದು ಹೋದೆ. ಎರಡೂ ಸಲ ಮೊದಲ ಹಲಗೆಯಿಂದಲೇ ಹಿಂದೆ ಬಂದೆ. ನಾಲ್ಕು ದಿನಗಳ ಹಿಂದೆ ಚರ್ಚಿನಲ್ಲಿ ಪಾಪನಿವೇದನೆ ಮಾಡಿದೆ. ಫಾದರ್ ನನ್ನ ಮಗನ ವಯಸ್ಸಿನವರು. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಅವರ ಹತ್ತಿರ ಹೇಳಿದ್ರಾ?"

"ಇಲ್ಲ ಫಾದರ್."

"ಮತ್ತೆ ನನ್ನ ಹತ್ತಿರ ಯಾಕೆ ಮೊದಲು ಬಂದ್ರಿ?"

ದೇವರ ಎದುರು ಮಂಡಿಯೂರುವುದು ಸುಲಭ, ಅವನು ತಿರುಗಿ ಮಾತಾಡುವುದಿಲ್ಲ. ಮನುಷ್ಯ ಹಾಗಲ್ಲ. ಎದ್ದು ಹೋಗಬಹುದು. ಬೈಯಬಹುದು. ಅಥವಾ ಪರವಾಗಿಲ್ಲ ಪೊರ್ಬುಗಳೇ ಎಂದು ನಕ್ಕುಬಿಡಬಹುದು. ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಆ ನಗುವಿನದ್ದೇ.

ಬರೆದು ತಿಳಿಸುವುದು ಹೇಡಿತನ, ಗೊತ್ತು. ನಾಳೆ ಬೆಳಿಗ್ಗೆ ದೋಣಿಗೇ ಬರುತ್ತೇನೆ. ಆದರೆ ಮತ್ತೆ ಹಲಗೆಯ ತುದಿಯಿಂದ ಓಡಿಹೋಗದ ಹಾಗೆ, ಓದುವ ಎಲ್ಲರ ಎದುರು ಇವತ್ತೇ ಹೇಳಿಬಿಡುತ್ತೇನೆ.

ಸದಾಶಿವಾ, ನಿನ್ನ ಅಮ್ಮ ಹೊಲಿದ ಆ ಕಟ್ಟನ್ನು ಕಸದ ಬುಟ್ಟಿಗೆ ಹಾಕಿದವನು ನಾನು.