ಡಾಕ್ಟರಮ್ಮ ಕೂತ ಪಡಸಾಲೆ

ನನ್ನ ಸೊಸೆಗೆ ದೆವ್ವ ಬಡಿದಿರಲಿಲ್ಲ, ಹೆದರಿಕೆ ಬಡಿದಿತ್ತು. ಓಣಿಗೇ ಡಾಕ್ಟರು ಬಂದರೂ ಅದು ಹೋಗಲಿಲ್ಲ. ಕೆಡಿಸಿದವಳು ನಾನು.

ಮೆರವಣಿಗೆಯ ದಿನ ನಮ್ಮ ಓಣಿಯಲ್ಲಿ ಕಲ್ಲು ತೂರಾಡಿದರು. ಕೆಲವರು ನಮ್ಮ ಬಾಗಿಲು ಒದ್ದು ಮುರಿದು ಒಳಗೆ ನುಗ್ಗಿದರು. ಮಗ ಗಿಣಿಗೇರಾದ ಫ್ಯಾಕ್ಟರಿಯಲ್ಲಿದ್ದ, ನಾನು ಸಂತೆಯಲ್ಲಿದ್ದೆ. ಸೊಸೆ ಒಬ್ಬಳೇ ಜೋಳದ ಡ್ರಮ್ಮಿನ ಹಿಂದೆ ಕುಳಿತಿದ್ದಳಂತೆ. ಹೊಸ ಬಾಗಿಲು ಹಾಕಿಸಿದೆವು. ಅವಳು ಅಂದಿನಿಂದ ಚಿಲಕ ಕಾಯುತ್ತಾ ಕೂತಳು. ನಿದ್ದೆಯಿಲ್ಲ, ಅರ್ಧ ರೊಟ್ಟಿ ತಿಂದರೆ ಹೆಚ್ಚು. ನೆರೆಯವಳೊಬ್ಬಳು, "ಹುಲಿಗಿ ಅಮ್ಮನ ಗುಡಿಗೆ ಕರ್ಕೊಂಡ್ ಹೋಗಬೇ, ಎಲ್ಲಾ ಬಿಟ್ಟ್ ಹೋಗ್ತೈತಿ" ಎಂದಳು. ಹೋಗಿ ಬಂದೆವು. ಬಂದವಳೇ ಮತ್ತೆ ಚಿಲಕದ ಮುಂದೆ ಕೂತಳು.

ಗಲಾಟೆಯಾದ ಓಣಿಗೆ ಮನಸ್ಸಿನ ಡಾಕ್ಟರಮ್ಮ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆ ಹೇಳಿದಳು. ಸಂಘದ ಹೆಂಗಸರ ಸಭೆ ಯಾವತ್ತೂ ನಡೆಯುವುದು ಎದುರು ಮನೆಯ ಪಡಸಾಲೆಯಲ್ಲಿ. ದೊಡ್ಡದು, ಫ್ಯಾನಿದೆ. ಇದೂ ಅಲ್ಲೇ ಆಗಲಿ ಎಂದರು, ನಾನೂ ಹೂಂ ಅಂದೆ. ನಮ್ಮ ಬಾಗಿಲು ಒದ್ದವರಲ್ಲಿ ಆ ಮನೆಯ ಮಗನೂ ಇದ್ದ. ನನಗೆ ಗೊತ್ತಿತ್ತು. ಹಗಲು ಹೊತ್ತು ಅವನೆಲ್ಲಿ ಮನೆಯಲ್ಲಿರುತ್ತಾನೆ ಅಂದುಕೊಂಡೆ. ಸೊಸೆ ಒಲ್ಲೆ ಎಂದಳು. ಕೈ ಹಿಡಿದು ಎಳೆದುಕೊಂಡು ಹೋದೆ.

ಅವನ ತಾಯಿ ಎಲ್ಲರಿಗೂ ಚಾ ಕೊಟ್ಟಳು.

"ನಿದ್ದಿ ಬರ್ತೈತೇನಮ್ಮ?" ಡಾಕ್ಟರಮ್ಮ ಸೊಸೆಯನ್ನು ಕೇಳಿದರು.

"ಬರ್ತೈತ್ರಿ."

"ಹೆದರಿಕಿ?"

"ಏನಿಲ್ರಿ. ಆರಾಮ ಅದೀನ್ರಿ."

ನಾನು ಬಾಯಿ ತೆರೆದೆ. ಅವಳು ನನ್ನ ಸೆರಗು ಜಗ್ಗಿದಳು. ಓಣಿಗೆಲ್ಲ ಬಾಯಿ ಮಾಡುವ ಮುದುಕಿ ಚಾದ ಬಟ್ಟಲು ತುಟಿಗೆ ಹಚ್ಚಿದೆ. ಡಾಕ್ಟರಮ್ಮ ಬರೆದುಕೊಂಡು ಮುಂದಿನವಳನ್ನು ಕರೆದರು.

ಮನೆಗೆ ಬಂದು ಬೈದೆ. "ಯಾಕ ಸುಳ್ಳ ಹೇಳಿದಿ? ಡಾಕ್ಟರ್ ಏನ್ ನಿನ್ನ ತಿಂತಿದ್ಲೇನು?"

"ಬಾಗಲದಾಗ ಅವನ ಚಪ್ಪಲಿ ಇದ್ವು, ಅತ್ತಿ. ಒಳಗ ಇದ್ದ. ನಿಮಗ ಕಾಣಲಿಲ್ಲ?"

ಕಂಡಿರಲಿಲ್ಲ.

ಆಶಾ ಕಾರ್ಯಕರ್ತೆಯ ಮನೆಗೆ ಓಡಿದೆ. ಡಾಕ್ಟರಮ್ಮ ಹೊರಟುಹೋಗಿದ್ದರು. "ಆರಾಮ ಅದೀನಿ ಅಂತ ಆಕಿನ ಹೇಳ್ಯಾಳಲ್ಲಬೇ. ಮತ್ತ ಯಾವಾಗ ಬರ್ತಾರೋ ಯಾರಿಗ್ಗೊತ್ತು" ಎಂದಳು.

"ಬಂದ್ರ ನಮ್ಮ ಮನಿಗೇ ಕರ್ಕೊಂಡ್ ಬಾ."

"ಕೇಳ್ತೀನಿ." ಕೇಳುತ್ತಾಳೆ, ಒಳ್ಳೆಯ ಹುಡುಗಿ. ಕರೆತರುವುದು ಅವಳ ಕೈಯಲ್ಲಿಲ್ಲ.

ಮರುದಿನ ಮುಂಜಾನೆ ಮಗ ಕೆಲಸಕ್ಕೆ ಹೋದ ಮೇಲೆ ನನ್ನ ಮಂಚ ಎಳೆದು ಬಾಗಿಲಿಗೆ ಅಡ್ಡ ಹಾಕಿ ಕೂತೆ. "ನಾ ಕಾಯ್ತೀನಿ, ನೀ ಮಲ್ಕೋ" ಅಂದೆ.

"ಅವ್ರು ಒದ್ರ ನೀವ ಮೊದ್ಲ ಬೀಳ್ತೀರಿ, ಅತ್ತಿ."

"ನಾ ಬೀಳೂತನಕ ಮಲ್ಕೋ."

ಮಲಗಿದಳು. ಕಣ್ಣು ಮುಚ್ಚಲಿಲ್ಲ.