ಕೆಂಪು ಚುಕ್ಕೆಗೆ ಕೂಡಿಸಿದ ಟೈಮಿಂಗ್

ನಮ್ಮ ಕಡೆ ಇಂಜಿನ್ ಬಿಚ್ಚಿಸುವವರು ಯಾರೂ ಗಾಡಿ ಬಿಟ್ಟು ಮನೆಗೆ ಹೋಗುವುದಿಲ್ಲ. ಗ್ಯಾರೇಜಿನಲ್ಲೇ ಹಳೇ ಟೈರಿನ ಮೇಲೆ ಕೂತು ಕಾವಲು ಕಾಯುತ್ತಾರೆ. ತಾವು ಆಕಳಿಸುವಷ್ಟರಲ್ಲಿ ಮೆಕ್ಯಾನಿಕ್ ಒಳಗಿನ ಒಳ್ಳೆಯ ಸಾಮಾನು ತೆಗೆದು ಸವೆದದ್ದನ್ನು ಕೂಡಿಸಿಬಿಡುತ್ತಾನೆ ಎಂಬುದು ಚಿತ್ತಾಪುರದಿಂದ ಸೇಡಂವರೆಗಿನ ಜನರ ಗಟ್ಟಿ ನಂಬಿಕೆ. ವಾಡಿಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ನನಗೆ ಇದರಿಂದ ಬೇಸರವೇನಿಲ್ಲ. ಅವರು ನಟ್ಟು ಬೋಲ್ಟು ಕಾಯುತ್ತಿರುವಾಗ ನಾನು ಅವರ ದನಿ, ಕೆಮ್ಮು, ಬೈಗುಳ ಕದ್ದಿರುತ್ತೇನೆ. ಸಂಜೆ ಚಹಾದಂಗಡಿಯಲ್ಲಿ ಎಲ್ಲರನ್ನೂ ಆಡಿ ತೋರಿಸುತ್ತೇನೆ. ಕೊನೆಗೆ ನನ್ನನ್ನೂ. ನಟ್ಟು ತಾನೇ ಮೋರಿಗೆ ಬೀಳಿಸಿ, "ಮೊದಲs ಇರ್ಲಿಲ್ರೀ ಇದು" ಎಂದು ಗಿರಾಕಿಯನ್ನು ದಬಾಯಿಸುವ ಮೆಕ್ಯಾನಿಕ್. ಹೆಚ್ಚು ನಗು ಬರುವುದು ಅದಕ್ಕೇ.

ಅವತ್ತು ಟೈರಿನ ಮೇಲೆ ಕೂತಿದ್ದವರು ಶಹಾಬಾದ ಕಡೆಯ ಫರಸಿ ಕಲ್ಲಿನ ಖಣಿಯೊಂದರಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ಮುಕಾದಮರು. ಹಿಂದೊಮ್ಮೆ ಚಪ್ಪಡಿ ಬಿದ್ದು ಅವರ ಎಡಗಾಲು ಮಡಚದಂತಾಗಿತ್ತು. ಖಣಿಯ ಮಾಲಕ ಹೈದರಾಬಾದಿನ ಯಾವುದೋ ತೋಟದ ಮನೆಯಿಂದ ಅವರಿಗೆ ಒಂದು ಸಣ್ಣ ಗಾಡಿ ತಂದುಕೊಟ್ಟಿದ್ದ. ನಾಲ್ಕು ದಪ್ಪ ಗಾಲಿ, ಬೈಕಿನ ಹಾಗೆ ಹತ್ತಿ ಕೂರುವುದು, ಕಲ್ಲುಮಣ್ಣು ಏನೇ ಇದ್ದರೂ ಓಡುವುದು. ಅದಿದ್ದರೆ ಮುಕಾದಮರು ಖಣಿಯ ತಳಕ್ಕೆ ತಾವೇ ಇಳಿದು ಕೆಲಸ ನೋಡುತ್ತಾರೆ. ಇಲ್ಲದಿದ್ದರೆ ಇಬ್ಬರ ಹೆಗಲ ಮೇಲೆ ಕೈಹಾಕಿ ಇಳಿಯಬೇಕು. ಗಾಡಿ ಹೊಗೆ ಉಗುಳಿ ನಿಂತು ವಾರವಾಗಿತ್ತು.

"ಮಾಲಕ ಎರಡೂ ಕಾಲು ನೆಟ್ಟಗಿರೋ ಒಬ್ಬವ್ನಿಗಿ ನೋಡಿಟ್ಟಾನ. ನಾಳಿಗಿ ನಾ ತೆಳಗ ಇಳೀಲಿಲ್ಲಂದ್ರ ಅವ ಇಳಿತಾನ" ಎಂದರು.

"ಮಾಲಕ ಹಂಗಂತ ಹೇಳ್ಯಾನೇನ್ರಿ ಕಾಕಾ?"

"ಹೇಳಿಲ್ಲ. ಅದಕ್ಕೇ ಸಂಶಯ."

ನನ್ನ ಮೇಲೂ ಅವರಿಗೆ ಸಂಶಯ. ನಾನು ನೆಲದಿಂದ ಏನು ಎತ್ತಿದರೂ ಕತ್ತು ಹೊರಳುತ್ತಿತ್ತು. ಜೇಬಿಗೆ ಕೈಹಾಕಿದೆ. "ಏನದು?" ಎಂದರು. ತಂಬಾಕಿನ ಪುಡಿಕೆ ತೆಗೆದು ತೋರಿಸಿದೆ. ಬಿಚ್ಚಿಸಿ ನೋಡಿದರು.

ಪಿಸ್ಟನ್ನಿಗೆ ಹೊಸ ರಿಂಗು ಹಾಕಿ, ಮೇಲಿನ ಹೆಡ್ಡು ಕೂಡಿಸಿದ್ದೆ. ಉಳಿದದ್ದು ಟೈಮಿಂಗ್. ಕೆಳಗೆ ಪಿಸ್ಟನ್ ಏರಿಳಿಯುತ್ತದೆ. ಮೇಲೆ ಕ್ಯಾಮ್ ತಿರುಗಿ ವಾಲ್ವುಗಳನ್ನು ತೆರೆದು ಮುಚ್ಚುತ್ತದೆ. ಇಬ್ಬರನ್ನೂ ಒಂದು ಸಣ್ಣ ಚೈನು ಕಟ್ಟಿಹಾಕಿರುತ್ತದೆ. ಚೈನು ಕೂಡಿಸುವಾಗ ಕೆಳಗಿನ ಮ್ಯಾಗ್ನೆಟ್ಟಿನ ಟಿ ಗುರುತು ಅದರ ಕಚ್ಚಿಗೆ ಸರಿಯಾಗಿ ನಿಲ್ಲಬೇಕು, ಮೇಲಿನ ಹಲ್ಲುಗಾಲಿಯ ಗೆರೆ ಹೆಡ್ಡಿನ ಅಂಚಿಗೆ ಸಮವಾಗಬೇಕು. ತಪ್ಪಿದರೆ ವಾಲ್ವು ತೆರೆದಿರುವಾಗಲೇ ಪಿಸ್ಟನ್ ಮೇಲೆ ಬಂದು ಗುದ್ದುತ್ತದೆ. ವಾಲ್ವು ಸೊಟ್ಟಗಾದರೆ ಈ ಗಾಡಿಗೆ ಬೇರೆಯದು ಸಿಗುವುದು ಹೈದರಾಬಾದಿನಲ್ಲಿ, ಅದೂ ಹೇಳಿಟ್ಟ ಮೇಲೆ ಹದಿನೈದು ದಿನಕ್ಕೆ.

ಕೆಳಗಿನ ಟಿ ಗುರುತು ನಿಲ್ಲಿಸಿದೆ. ಮೇಲಿನ ಹಲ್ಲುಗಾಲಿ ಒರೆಸಿದಾಗ ಗೆರೆ ಕಂಡಿತು. ಅದರಿಂದ ನಾಲ್ಕು ಹಲ್ಲಿನಾಚೆ ಮಾಸಿದ ಒಂದು ಕೆಂಪು ಚುಕ್ಕೆಯೂ ಕಂಡಿತು.

ಇಲ್ಲಿಂದ ಸಂಶಯ ಪಡುವ ಪಾಳಿ ನನ್ನದಾಯಿತು. ಈ ಇಂಜಿನ್ನನ್ನು ನಾಲ್ಕು ತಿಂಗಳ ಹಿಂದೆ ನನಗೂ ಪರಿಚಯದ ಶಹಾಬಾದದ ಮೆಕ್ಯಾನಿಕ್ ಒಬ್ಬ ಬಿಚ್ಚಿದ್ದ. ಕ್ಯಾಮ್ ಹಳೆಯದು, ಹಲ್ಲುಗಾಲಿ ಮಾತ್ರ ಹೊಳೆಯುತ್ತಿದೆ. ಅಂದರೆ ಅವನು ಬೇರೆ ಯಾವುದೋ ಬೈಕಿನದನ್ನು ಹಾಕಿದ್ದಾನೆ. ಬೇರೆ ಬೈಕಿನದಾದರೆ ಗೆರೆ ಸುಳ್ಳು. ಗೆರೆ ಸುಳ್ಳಾದ್ದರಿಂದಲೇ ತನ್ನ ಗುರುತು ತಾನು ಹಾಕಿಕೊಂಡಿದ್ದಾನೆ, ಕೆಂಪು ಬಣ್ಣದಲ್ಲಿ. ನನ್ನ ಬುದ್ಧಿಗೆ ನಾನೇ ತಲೆದೂಗಿ, ಚುಕ್ಕೆಗೆ ಹೊಂದಿಸಿ ಚೈನು ಏರಿಸಿದೆ.

ಮ್ಯಾಗ್ನೆಟ್ಟಿನ ನಟ್ಟಿಗೆ ಪಾನಾ ಹಾಕಿ ಇಂಜಿನ್ನನ್ನು ಕೈಯಿಂದ ತಿರುಗಿಸಿದೆ. ಅರ್ಧ ಸುತ್ತು ಮೆತ್ತಗೆ ಬಂದು, ಟಕ್ಕನೆ ನಿಂತಿತು.

"ಯಾಕ ನಿಂತಿತು?" ಮುಕಾದಮರು.

"ಹೊಸ ರಿಂಗ ನೋಡ್ರಿ ಕಾಕಾ, ಬಿಗಿ ಇರ್ತಾವ."

ರಿಂಗು ಹೀಗೆ ನಿಲ್ಲಿಸುವುದಿಲ್ಲ ಎಂದು ಕೈಗೆ ಗೊತ್ತಿತ್ತು. ಬಾಯಿಗೆ ಹೇಳಲು ಮನಸ್ಸಿರಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ತಂದೆ. ಮತ್ತೆ ಅಲ್ಲೇ. ಅವರ ಕಣ್ಣು ನನ್ನ ಬೆನ್ನಿಗೆ ಚುಚ್ಚುತ್ತಿತ್ತು. ಮರ್ಯಾದೆ ಹೋಗುವ ಹೊತ್ತಿನಲ್ಲಿ ನನಗೆ ಮಿಮಿಕ್ರಿ ಬರುತ್ತದೆ. ಮೂಲೆಯಲ್ಲಿದ್ದ ಕಬ್ಬಿಣದ ಪೈಪು ತಂದು ಪಾನಾದ ಹಿಡಿಗೆ ತೂರಿಸುತ್ತ, ಆ ಶಹಾಬಾದದವನ ಎಳೆದಾಡುವ ದನಿ ತೆಗೆದೆ. "ಅರೇ ಭಾಯ್, ಎಲ್ಲಾರೂ ಕಂಪನಿ ಗೆರಿ ನೋಡ್ತಾರ. ನಮ್ಮ ಕೆಂಪ ಚುಕ್ಕಿ ಅದಲಾ, ಅದು ಉಸ್ತಾದನ ನಿಶಾನಿ!"

ಮುಕಾದಮರು ನಗಲಿಲ್ಲ. ಕಾಲು ನೆಟ್ಟಗೆ ಚಾಚಿದ್ದವರು ಗೋಡೆ ಹಿಡಿದು ಏಳತೊಡಗಿದರು.

"ಯಾವ ಕೆಂಪ ಚುಕ್ಕಿ?"

"ಇದs ನೋಡ್ರಿ. ಆ ನಿಮ್ಮ ಮೆಕ್ಯಾನಿಕ್ ಹಾಕ್ಯಾನ. ಇದಕ್ಕs ಟೈಮಿಂಗ್ ಕೂಡ್ಸೀನಿ. ಒಂದೀಟು ಜೋರ್ ಹಾಕಿದ್ರ…"

"ಪೈಪ ತೆಗಿ."

"ಯಾಕ್ರಿ?"

"ತೆಗಿ ಅಂದ್ರ ತೆಗಿ ಮೊದ್ಲ! ಅದು ಅಂವ ಹಾಕಿದ್ದಲ್ಲ. ನಾ ಹಚ್ಚಿದ್ದು."

ಅವರು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ಇಳಿಸಿದರು. "ಅಂವ ಚಾ ಕುಡೀಲಿಕ್ಕಿ ಹೋಗಿದ್ದ. ಸಾಮಾನೆಲ್ಲಾ ಪರಾತದಾಗ ಇದ್ವು. ಮಗಳ ನೇಲ್‌ಪಾಲಿಶ್ ತಂದಿದ್ದೆ. ಎಲ್ಲಾಕ್ಕೂ ಒಂದೊಂದು ಚುಕ್ಕಿ ಹಚ್ಚಿದೆ. ಬದಲ ಮಾಡಿದ್ರ ತಿಳೀಬೇಕಲಾ!"

"ಬೆಳಗಿನಿಂದ ನನಗ್ಯಾಕ ಹೇಳಲಿಲ್ರಿ?"

"ನಿನಗ ಹೇಳಿದ್ರ ನೀ ಬದಲ ಮಾಡಿ, ಅದಕ್ಕೂ ಚುಕ್ಕಿ ಹಚ್ಚಂಗಿಲ್ಲಂತ ಏನ್ ಗ್ಯಾರಂಟಿ?"

ಬೆಳಕು ಹಿಡಿದು ಹುಡುಕಿದೆ. ರಾಕರಿನ ಹೊಟ್ಟೆಯ ಮೇಲೊಂದು, ಚೈನಿನ ಪಟ್ಟಿಯ ಬೆನ್ನ ಮೇಲೊಂದು, ಕೊನೆಗೆ ಒಂದು ಬೋಲ್ಟಿನ ತಲೆಯ ಮೇಲೂ. ಮಸಿ ಹಿಡಿದು ಸಾಸಿವೆಯಷ್ಟಾಗಿದ್ದವು. ಬೆಳಗಿನಿಂದ ಅವನ್ನು ತೊಳೆದ ಕೈ ನನ್ನದೇ, ಕಾಣದೆ ಹೋದ ಕಣ್ಣೂ ನನ್ನದೇ.

"ಹಂಗಾದ್ರ ಈ ಹೊಸ ಹಲ್ಲುಗಾಲಿ?"

"ನಾನs ಹೈದರಾಬಾದಿಂದ ತರಿಸಿ ಕೊಟ್ಟಿದ್ದು. ಕಂಪನೀದು."

ನಾನು ಅಷ್ಟು ಹೊತ್ತು ಮನಸ್ಸಿನಲ್ಲಿ ಕಳ್ಳನೆಂದು ಬೈದಿದ್ದ ಮನುಷ್ಯ ಸರಿಯಾದ ಗೆರೆಗೆ ಸರಿಯಾಗಿ ಕೂಡಿಸಿ ಕಳಿಸಿದ್ದ. ಚೈನು ಇಳಿಸಿ, ಗೆರೆಗೆ ಹೊಂದಿಸಿ, ಮತ್ತೆ ಏರಿಸಿದೆ. ಪೈಪು ಇಲ್ಲ, ಬರೀ ಎರಡು ಬೆರಳಿನ ಬಲ. ಒಂದು ಸುತ್ತು, ಎರಡು ಸುತ್ತು. ಎಲ್ಲೂ ತಡೆಯಲಿಲ್ಲ. ಟಿ ಗುರುತು ತನ್ನ ಕಚ್ಚಿಗೆ ಬಂದು ನಿಂತಾಗ ಗೆರೆಯೂ ಅಂಚಿಗೆ ಬಂದು ನಿಂತಿತು.

"ಇನ್ನೊಮ್ಮಿ ತಿರುವು" ಎಂದರು. ತಿರುಗಿಸಿದೆ. "ಇನ್ನೊಮ್ಮಿ." ಏಳು ಸಲ ತಿರುಗಿಸಿದೆ. ಬೇರೆ ದಿನವಾದರೆ ಮೂರನೆಯದಕ್ಕೇ ಅವರ ದನಿ ತೆಗೆಯುತ್ತಿದ್ದೆ. ಅವತ್ತು ಏಳೂ ಸಲ ನನಗೂ ಬೇಕಾಗಿತ್ತು. ವಾಲ್ವು ಮೊದಲೇ ಚೂರು ಬಾಗಿದ್ದರೆ?

ಗಾಡಿ ಚಾಲೂ ಆಯಿತು. ಅವರು ಶಬಾಸ್ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಖಣಿಗೆ ಬಾ ಎಂದರು. ಹೋದರೆ, ಗಾಡಿಯ ಹಿಂದೆ ಹತ್ತಿ ಕೂರು ಎಂದರು. "ನಡುವ ಬಂದ್ ಬಿದ್ರ ನನಗ ನೀನs ಹೊತಗೊಂಡು ಬರಬೇಕು."

ಇಳಿಜಾರಿನುದ್ದಕ್ಕೂ ನಾನು ಇಂಜಿನ್ನಿನ ಒಂದೊಂದು ಬಡಿತಕ್ಕೂ ಕಿವಿ ಕೊಟ್ಟೆ. ನನ್ನ ಕೈಕೆಲಸವನ್ನು ನಾನು ಅಷ್ಟು ಸಂಶಯದಿಂದ ಕೇಳಿದ್ದು ಅದೇ ಮೊದಲು. ತಳದಲ್ಲಿ ಮುಕಾದಮರು ಯಾರ ಹೆಗಲನ್ನೂ ಹಿಡಿಯದೆ ಇಳಿದು, ಚಪ್ಪಡಿಗಳ ಅಳತೆ ನೋಡಿ, ಇಬ್ಬರಿಗೆ ಬೈದು, ಮತ್ತೆ ಹತ್ತಿ ಕೂತರು. ನಾನೂ ಕಾಲೆತ್ತಿದೆ.

"ನೀ ಇಳಿ. ಇಬ್ಬರ ಭಾರಕ್ಕ ಏರು ಹತ್ತತದೋ ಇಲ್ಲೋ, ನನಗ ಸಂಶಯ."

ಗಾಡಿ ಒಂದೇ ದಮ್ಮಿಗೆ ಏರು ಹತ್ತಿತು. ಕಲ್ಲುಪುಡಿಯಲ್ಲಿ ಕಾಲೆಳೆಯುತ್ತ ನಾನು ಅರ್ಧ ದಾರಿ ಬರುವಷ್ಟರಲ್ಲಿ ಮೇಲಿನಿಂದ ಅವರ ದನಿ ಕೇಳಿತು:

"ಏ ತಮ್ಮಾ, ಬರ್ಲಿಕತ್ತೀಯೋ, ಇಲ್ಲಾ ತೆಳಗ ಕುಂತು ಯಾರ್ದರೆ ಏನರೆ ಬಿಚ್ಚಲಿಕತ್ತೀಯೋ?"