ಅಶ್ವಿನಿಯಲ್ಲಿ ಹುಟ್ಟಿಸಿದ ಮೂವತ್ತೇಳು ಮಂದಿ

೧೯೮೫ರಲ್ಲಿ, ಒಂಬತ್ತನೇ ಕ್ಲಾಸಿಗೆ, ಓದು ನಿಲ್ಲಿಸಿದೆ. ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿ ಪಳಗಿದ ಬೆರಳು ಆಮೇಲೆ ಕಂಪ್ಯೂಟರಿಗೆ ಬಂತು. ಎರಡು ಸಾವಿರದ ಆರರ ಹೊತ್ತಿಗೆ ಬನಶಂಕರಿಯ ಒಂದು ವಧೂವರರ ಕೇಂದ್ರದಲ್ಲಿ ಫಾರಂಗಳನ್ನು ಎಕ್ಸ್‌ಎಂಎಲ್ ಫೈಲುಗಳಾಗಿ ಮಾಡುತ್ತಿದ್ದೆ. ಡಿಗ್ರಿ ಮಾಡಿದವರ ಫೈಲುಗಳು ತಪ್ಪಿದೆಯೆಂದು ವಾಪಸ್ ಬರುತ್ತಿದ್ದವು, ನನ್ನದು ಎಂದೂ ಇಲ್ಲ. ಅದನ್ನು ನಾಲ್ಕು ಜನರೆದುರು ಹೇಳಿಕೊಂಡೂ ಇದ್ದೆ.

ಡೇಟಾಬೇಸ್ ಕಟ್ಟಿದವರು ಬಿಟಿಎಂನಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿ ಕಡೆಯ ಮೇಡಂ. ಟೇಬಲ್‌ನಲ್ಲಿ ಒಬ್ಬರಿಗೆ ಒಂದು ಸಾಲು. ಆ ಸಾಲಿನ ಒಂದು ಕಾಲಂನಲ್ಲಿ ಅವರ ಇಡೀ ಎಕ್ಸ್‌ಎಂಎಲ್, ಪ್ರತಿ ವಿವರದ ಹಿಂದೆ ಮುಂದೆ ಅದರ ಹೆಸರಿನ ಟ್ಯಾಗ್. ಒಳಗೆ ಬಿಡುವ ಮೊದಲು ಮೇಡಂ ಬರೆದ ನಿಯಮಗಳ ಪಟ್ಟಿ, ಅಂದರೆ ಸ್ಕೀಮಾ, ತಡೆದು ನೋಡುತ್ತಿತ್ತು. ನಕ್ಷತ್ರ ಇಪ್ಪತ್ತೇಳರಲ್ಲಿ ಒಂದಾಗಿರಬೇಕು, ಪಾದ ನಾಲ್ಕು ದಾಟಬಾರದು, ಯಾವುದೂ ಖಾಲಿ ಇರಬಾರದು. ಎಷ್ಟು ಅವಸರ ಮಾಡಿದರೂ ಜಗ್ಗುತ್ತಿರಲಿಲ್ಲ. ಅಂಥ ಕಟ್ಟುನಿಟ್ಟನ್ನು ನಾನು ಯಾವ ಪ್ರೆಸ್ಸಿನಲ್ಲೂ ಕಂಡಿರಲಿಲ್ಲ.

ಒಂದು ದಿನ ಜೆ.ಪಿ. ನಗರದ ಒಬ್ಬ ತಂದೆ ಬಂದು ನನ್ನ ಮೇಜಿನ ಮುಂದೆ ನಿಂತರು. ಮಗಳಿಗೆ ಕೂಡಿಬಂದಿದ್ದ ಸಂಬಂಧ ಮುರಿಯುವುದರಲ್ಲಿತ್ತು. ಹುಡುಗನದು ಹಸ್ತಾ ನಕ್ಷತ್ರ, ನಾವು ಕೊಟ್ಟ ಪ್ರತಿಯಲ್ಲಿ ಹುಡುಗಿಯದು ಅಶ್ವಿನಿ. ಇಬ್ಬರದೂ ಒಂದೇ ನಾಡಿ, ದೋಷ ಎಂದು ಹುಡುಗನ ಕಡೆಯವರು ಹಿಂದೆ ಸರಿದಿದ್ದರು.

“ಹುಟ್ಟಿದ ಟೈಮೇ ಗೊತ್ತಿಲ್ಲ ಅಂತ ಬರ್ಕೊಟ್ಟಿದ್ದೆ. ಅಶ್ವಿನಿ ಅಂತ ನಿಮಗ್ಯಾರು ಸಾರ್ ಹೇಳಿದ್ದು? ಹೆರಿಗೆ ನೀವೇ ಮಾಡಿಸಿದ್ರಾ?” ಎಂದರು.

ನಕ್ಷತ್ರ ಬರೆಯದ ಫಾರಂ ಬಂದರೆ ಇಪ್ಪತ್ತೇಳರಲ್ಲಿ ಮೊದಲನೆಯದಾದ ಅಶ್ವಿನಿಯನ್ನೇ ಹಾಕಿಬಿಡುತ್ತಿದ್ದೆ. ಸ್ಕೀಮಾ ಒಪ್ಪುತ್ತಿತ್ತು.

ಮೇಡಂ ಡೇಟಾಬೇಸಿಗೆ ಎರಡೇ ಸಾಲಿನಲ್ಲಿ ಪ್ರಶ್ನೆ ಬರೆದರು. ಸಾವಿರಾರು ಫೈಲುಗಳ ಹೊಟ್ಟೆಯೊಳಗೆ ಹುಡುಕಿ, ನಾನು ಸೇರಿಸಿದ ಅಶ್ವಿನಿಯವರನ್ನೆಲ್ಲ ಅದು ಕ್ಷಣದಲ್ಲಿ ಮುಂದಿಟ್ಟಿತು. ಕಾಗದದ ಫಾರಂಗಳ ಜೊತೆ ಹೋಲಿಸಿದರೆ, ಮೂವತ್ತೇಳು ಮಂದಿಗೆ ಜಾತಕ ಬರೆದವನು ನಾನೇ. ಬೈಗುಳಕ್ಕೆ ಕಾದೆ.

“ನೀವು ಸುಳ್ಳು ಹಾಕಿದ್ದು ತಪ್ಪು, ಖರೆ. ಆದ್ರ ‘ಗೊತ್ತಿಲ್ಲ’ ಅನ್ನಾಕ ನಾನೂ ಜಾಗಾನ ಇಟ್ಟಿರ್ಲಿಲ್ರೀ,” ಎಂದರು ಮೇಡಂ.

ಅಂದೇ ಸ್ಕೀಮಾ ತಿದ್ದಿದರು. ಜನ್ಮನಕ್ಷತ್ರ, ಇಲ್ಲವೇ ಹೆಸರಿನ ಮೊದಲ ಅಕ್ಷರದಿಂದ ಹಿಡಿಯುವ ನಾಮನಕ್ಷತ್ರ, ಅದೂ ಬೇಡವೆಂದರೆ ‘ತಿಳಿಯದು’; ಯಾವುದೆಂದು ಸ್ಪಷ್ಟವಾಗಿ ಗುರುತು ಮಾಡಲೇಬೇಕು. ಹಳೆಯ ಫೈಲುಗಳನ್ನೆಲ್ಲ ಹೊಸ ನಿಯಮದ ಮುಂದೆ ಮತ್ತೆ ನಿಲ್ಲಿಸಿದರು. ತಾನೇ ಕಟ್ಟಿದ್ದನ್ನು ಬೇಸರವಿಲ್ಲದೆ ಬಿಚ್ಚಿ ಕಟ್ಟುವವರನ್ನು ನಾನು ಹೆಚ್ಚು ನೋಡಿಲ್ಲ.

ಮೂವತ್ತೇಳು ಮನೆಗೂ ನಾನೇ ಫೋನ್ ಮಾಡಿದೆ. ಹಿಂದೆ ಸರಿದಿದ್ದ ಆ ಹುಡುಗನ ಮನೆ ಗೊಟ್ಟಿಗೆರೆಯಲ್ಲಿ. ಅಲ್ಲಿಗೆ ಮಾತ್ರ ಬಸ್ಸು ಹತ್ತಿ ಹೋಗಿ, ಮೂಲ ಫಾರಂ ತೋರಿಸಿ, ತಪ್ಪು ನನ್ನದೆಂದು ಅವನ ತಾಯಿಗೆ ಹೇಳಿದೆ. ಅವರು ಹುಡುಗಿಯ ನಾಮನಕ್ಷತ್ರ ಹಿಡಿದು ಮತ್ತೆ ನೋಡಿಸಿದರು. ಕೂಡಿತು. ಮದುವೆಯೂ ಆಯಿತು.

ಈಗ ಹೊಸಕೆರೆಹಳ್ಳಿಯಲ್ಲಿ ನನ್ನದೇ ಡೇಟಾ ಎಂಟ್ರಿ ಮಳಿಗೆ ಒಂದು, ಕಂಪ್ಯೂಟರ್ ನಾಲ್ಕು, ಕೆಲಸಕ್ಕೆ ಮೂವರು, ಮೂಲ ಫಾರಂಗಳನ್ನಿಡುವ ಕಬ್ಬಿಣದ ಬೀರು ಎರಡು.